ಸುರ್ಮಾದ ಗೆರೆ

ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಕೂತಿದ್ದ ಸುರ್ಮಾ ಸಾಬೂನು ಹಚ್ಚಿ ತಿಕ್ಕಿದರೂ ಹೋಗಿರಲಿಲ್ಲ. ಬಸ್ಸು ಕಪನೂರು ದಾಟುವವರೆಗೂ ಪಂಚಶೀಲಾ ಅದನ್ನೇ ನೋಡುತ್ತ ಕೂತಿದ್ದಳು. ಪಕ್ಕದ ಹೆಂಗಸು ತನ್ನ ಚೀಲವನ್ನು ತೊಡೆಯ ಮೇಲೆ ಎಳೆದುಕೊಳ್ಳುತ್ತ ಒಮ್ಮೆ ಆ ಉಗುರನ್ನೂ ಒಮ್ಮೆ ಅವಳ ಏನೂ ಹಚ್ಚದ ಕಣ್ಣನ್ನೂ ನೋಡಿದಾಗ ಬೆರಳನ್ನು ಮಡಚಿ ಮುಷ್ಟಿಯೊಳಗೆ ಅಡಗಿಸಿದಳು. ಕಣ್ಣಿಗೆ ಹಚ್ಚುವುದು ಉಗುರಿಗೆ ಹೇಗೆ ಬಂತು ಎಂದು ಆ ಹೆಂಗಸು ಕೇಳಿದ್ದರೆ ಏನು ಹೇಳಬೇಕಿತ್ತು? ತಮ್ಮನ ಸೈಕಲ್ಲಿಗೆ ಹಚ್ಚಿದೆ ಎಂದೇ? ಸೈಕಲ್ಲಿನ ಮುಂದಿನ ಗಾಲಿಯನ್ನು ಹಿಡಿದಿರುವ ಫೋರ್ಕಿಗೆ, ಆ ಫೋರ್ಕಿನ ಎರಡು ಕಾಲುಗಳು ಮೇಲೆ ಬಂದು ಕೂಡುವ ಹೆಗಲಿಗೆ, ಆ ಹೆಗಲಿನ ಮೇಲೆ ಕಂಡೂ ಕಾಣದಂತಿದ್ದ ಒಂದು ಗೆರೆಗೆ, ಸೀಮೆಎಣ್ಣೆಯಲ್ಲಿ ಕಲಸಿ ಹಚ್ಚಿದೆ, ಒರೆಸಿದೆ, ಎಲ್ಲ ಕಡೆಯೂ ಹೋಯಿತು, ಗೆರೆಯಲ್ಲಿ ಮಾತ್ರ ಉಳಿಯಿತು ಎಂದೇ? ಹತ್ತು ಗಂಟೆಯ ಮೇಲೆ, ತನ್ನ ಹೆಸರು ಕೂಗಿದ ಕೂಡಲೇ, ತಮ್ಮ ಕಪಿಲ ಕಮಲಾಪುರದ ಆಚೆಯ ಕೆಂಪು ಮರಡಿಯ ನೆತ್ತಿಯಿಂದ ಆ ಸೈಕಲ್ಲಿನ ಮೇಲೆ ಇಳಿಯುವವನಿದ್ದ. ಗೆರೆ ಬಣ್ಣದ ಮೇಲಿನ ಗೀರಾಗಿದ್ದರೆ ಇಳಿದೇ ಇಳಿಯುತ್ತಾನೆ. ಲೋಹದ ಬಿರುಕಾಗಿದ್ದರೆ ಇಳಿಜಾರಿನ ನಡುವೆ ಯಾವುದೋ ಒಂದು ಕಲ್ಲಿಗೆ ಹೆಗಲು ಮುರಿಯುತ್ತದೆ. ಗಾಲಿ ಒಂದು ಕಡೆ, ಅವನು ಒಂದು ಕಡೆ. ಇದನ್ನು ಅವಳು ಇನ್ನೂ ಯಾರಿಗೂ ಹೇಳಿರಲಿಲ್ಲ.

ಸುರ್ಮಾ ಕೊಟ್ಟವಳು ಮುನೀರಾ. ಆಸ್ಪತ್ರೆಯ ಲ್ಯಾಬಿನಲ್ಲಿ ಪಂಚಶೀಲಾಳ ಪಕ್ಕದ ಮೇಜು ಅವಳದು, ಓಣಿಯಲ್ಲಿ ಮನೆಯೂ ಹತ್ತಿರ. ನಿನ್ನೆ ಸಂಜೆ ಬಾಗಿಲಲ್ಲೇ ನಿಂತು ಕೇಳಿದಾಗ ಮುನೀರಾ ತನ್ನ ಹಿತ್ತಾಳೆಯ ಸುರ್ಮಾದಾನಿ ತಂದು ಕೊಡುತ್ತ, "ಕ್ಯಾ ಬಾಜಿ, ಸೈಕಲ್ ಕೀ ಶಾದಿ ಹೈ ಕ್ಯಾ," ಎಂದಿದ್ದಳು. ಸೈಕಲ್ಲಿಗೆ ಮದುವೆಯೇ ಎಂದು. ಪಂಚಶೀಲಾ ನಕ್ಕಿರಲಿಲ್ಲ. ಬಣ್ಣವಿರುವ ತೆಳು ಎಣ್ಣೆ ಸವರಿ ಒರೆಸಿದರೆ ಬಿರುಕು ಬಣ್ಣವನ್ನು ಕುಡಿದು ಹಿಡಿದುಕೊಳ್ಳುತ್ತದೆ ಎಂದು ಎಲ್ಲೋ ಓದಿದ್ದಳು. ಮನೆಯಲ್ಲಿದ್ದ ಬಣ್ಣಗಳಲ್ಲಿ ಅಷ್ಟು ನುಣುಪಾದದ್ದು ಬೇರೆ ಯಾವುದೂ ನೆನಪಾಗಿರಲಿಲ್ಲ. ಮಾಳಿಗೆಯ ಶಹಾಬಾದಿ ಕಲ್ಲಿನ ಮೇಲೆ ಮಂಡಿಯೂರಿ, ದಿನವೂ ಸ್ಲೈಡುಗಳಿಗೆ ಬಣ್ಣ ಹಾಕುವ ಅದೇ ಕೈಯಿಂದ, ಅದೇ ಉಸಿರು ಹಿಡಿಯುವ ರೀತಿಯಲ್ಲಿ, ಹತ್ತಿಯ ಎಳೆಯಿಂದ ಸವರಿ, ಕಾದು, ಒರೆಸಿ ನೋಡಿದ್ದಳು. ಗೆರೆ ಎದ್ದು ನಿಂತಿತ್ತು. ಬ್ರೇಕು ಕೂತಿರುವ ಕಾಲಿನ ಕಡೆ, ಹೆಗಲಿನ ಮೇಲಿನ ನೀಲಿ ಸ್ಟಿಕ್ಕರಿನ ಅಂಚಿಗೆ ಅಂಟಿಕೊಂಡೇ ಇಳಿದು, ಕೊನೆಗೆ ಒಂದು ಜೋಳದ ಕಾಳಿನಷ್ಟು ಮಾತ್ರ ಅಂಚು ಬಿಟ್ಟು ಓರೆಯಾಗಿತ್ತು. ಬಣ್ಣದಲ್ಲಿ ಗೀರಿದ್ದರೂ ಸುರ್ಮಾ ಕುಡಿಯುತ್ತದೆ. ಲೋಹ ಬಿರಿದಿದ್ದರೂ ಕುಡಿಯುತ್ತದೆ. ಯಾವುದೆಂದು ತಿಳಿಯಲು ಸ್ಟಿಕ್ಕರು ಕಿತ್ತು ನೋಡಬೇಕು. ಅವಳು ಬಟ್ಟೆಯನ್ನು ಮಡಚಿ ಇಟ್ಟು, ಕೆಳಗಿಳಿದು, ಎಲ್ಲರ ಜೊತೆ ಕೂತು ರೊಟ್ಟಿ ತಿಂದಿದ್ದಳು.

ಆ ಫೋರ್ಕನ್ನು ಅವಳಿಗಿಂತ ಚೆನ್ನಾಗಿ ಬಲ್ಲವರು ಕಲಬುರಗಿಯಲ್ಲಿ ಯಾರೂ ಇರಲಿಲ್ಲ. ಹೈದರಾಬಾದಿನಲ್ಲಿ ಯಾರೋ ಹೊಡೆದು ಸವೆಸಿ ಬಿಟ್ಟ ಸೈಕಲ್ಲು ಅದು. ಮನೆಗೆ ಬಂದಾಗಲೇ ಫೋರ್ಕಿಗೆ ವಯಸ್ಸಾಗಿತ್ತು. ಒತ್ತಿದರೆ ಇಳಿದೇಳುವ ಒಳಗಾಲುಗಳ ಮೇಲಿನ ಕಂದು ಲೇಪ ಸವೆದು ಅಲ್ಲಲ್ಲಿ ಬೆಳ್ಳಿಯ ಬಣ್ಣ ಇಣುಕುತ್ತಿತ್ತು. ರಬ್ಬರಿನ ಸೀಲುಗಳು ಒಣಗಿ ಎಣ್ಣೆ ಒಸರುತ್ತಿತ್ತು, ಒತ್ತಿದರೆ ಮುದುಕರು ಕೂಡುವಾಗ ಮಾಡುವಂಥ ಒಂದು ಸಪ್ಪಳ. ಮೊದಲ ಸಲ ಬಿಚ್ಚಿದಾಗ ಕೆಳಗಿನ ಬೋಲ್ಟಿನಿಂದ ಸುರಿದ ಎಣ್ಣೆ ಬೂದು ಬಣ್ಣದ್ದಿತ್ತು, ಅದರಲ್ಲಿ ಸಣ್ಣ ಸಣ್ಣ ಮಿಂಚು. ಒಳಗಿನ ಲೋಹ ಸವೆದು ಎಣ್ಣೆಯಲ್ಲಿ ತೇಲುತ್ತಿದೆ ಎಂದು ಗೊತ್ತಾದಾಗ ಅವಳಿಗೆ ಯಾರದೋ ರಕ್ತದ ವರದಿ ಕೈಗೆ ಬಂದ ಹಾಗಾಗಿತ್ತು. ಅಂದಿನಿಂದ ಪ್ರತಿ ಋತುವಿಗೆ ಅದನ್ನು ಬಿಚ್ಚುವುದು, ಒಳಗೆಲ್ಲ ಒರೆಸುವುದು, ಸ್ಪಂಜಿನ ಉಂಗುರಗಳನ್ನು ಎಣ್ಣೆಯಲ್ಲಿ ನೆನೆಹಾಕುವುದು, ಸಿರಿಂಜಿನಿಂದ ಎರಡೂ ಕಾಲಿಗೆ ಅಳೆದು ಹೊಸ ಎಣ್ಣೆ ಹಾಕುವುದು ಅವಳ ಕೆಲಸವಾಯಿತು. ತಾಯಿ ಶೇವಂತಾ ಮೆಟ್ಟಿಲ ಮೇಲೆ ನಿಂತು, "ಅದಕ್ಕ ಇಷ್ಟ್ ಎಣ್ಣಿ ಹಚ್ಚತಿ, ಜರಾ ನಿನ್ನ ತೆಲಿಗೂ ಹಚ್ಕೋ ನಮ್ಮವ್ವ, ನಾರಾಗ್ಯಾದ," ಎನ್ನುತ್ತಿದ್ದಳು. ಹೊಸ ಎಣ್ಣೆ ಹಾಕಿದ ದಿನ ಹ್ಯಾಂಡಲನ್ನು ಒತ್ತಿದರೆ ಫೋರ್ಕು ಸದ್ದಿಲ್ಲದೆ ಇಳಿದು ಸದ್ದಿಲ್ಲದೆ ಏರುತ್ತಿತ್ತು. ಆ ಏರಿಕೆಯಲ್ಲಿ ಅವಳಿಗೆ ಬೇರೆಲ್ಲೂ ಸಿಗದ ಒಂದು ಸಮಾಧಾನವಿತ್ತು, ಯಾರಿಗೂ ಹೇಳಿಕೊಳ್ಳಲಾಗದ್ದು.

ದೀಪಾವಳಿಯಿಂದೀಚೆಗೆ ಇನ್ನೊಂದು ಸಪ್ಪಳ ಬಂದಿತ್ತು. ಕಾಲುಗಳಲ್ಲಲ್ಲ, ಮೇಲೆ, ಹೆಗಲಿನಲ್ಲಿ. ಬ್ರೇಕು ಹಿಡಿದು ಮುಂದಕ್ಕೆ ಒತ್ತಿದಾಗ ಮಾತ್ರ ಬರುವ ಒಂದು ಸಣ್ಣ ಕಿರ್ರ್. ಅವಳು ಹ್ಯಾಂಡಲಿನ ಬುಡವನ್ನು ಬಿಚ್ಚಿ ಗ್ರೀಸು ತುಂಬಿದಳು, ಬಿಗಿ ಮಾಡಿದಳು, ಸಡಿಲು ಮಾಡಿದಳು. ಕಪಿಲನನ್ನು ಕರೆದು ಕೇಳಿಸಿದರೆ, "ಮುದಕ ಆಗ್ಯಾದಲ್ಲಕ್ಕಾ, ಸಪ್ಪಳ ಮಾಡ್ತದ. ಅಪ್ಪನ ಮಣಕಾಲ ಮಾಡಂಗಿಲ್ಲೇನು," ಎಂದು ಹತ್ತಿಕೊಂಡು ಹೋಗಿಬಿಟ್ಟ. ಎರಡು ವಾರದ ಹಿಂದೆ ಪೂರ್ತಿ ಬಿಚ್ಚಿ ಜೋಡಿಸಿದ್ದೂ ಅವಳೇ. ಗೆರೆ ಆಗ ಇತ್ತೆ? ಇದ್ದು ಕಾಣಲಿಲ್ಲವೆ? ಇದ್ದಿದ್ದರೆ, ಕಾಣದ್ದು ಅವಳ ಕಣ್ಣಿಗೆ. ನಿನ್ನೆ ರಾತ್ರಿ ಊಟದಲ್ಲಿ ಬಾಯಿ ಕಟ್ಟಿದ್ದು ಈ ಲೆಕ್ಕವೂ ಹೌದು ಎಂದು ಬಸ್ಸಿನ ಕಿಟಕಿಯಾಚೆ ಹಳದಿ ಹೂ ಹೊತ್ತ ತೊಗರಿ ಹೊಲ ನೋಡುತ್ತಿದ್ದಾಗ ಅವಳಿಗೆ ಅನ್ನಿಸಿತು. ಹೌದು ಎಂದು ಒಪ್ಪಿಕೊಳ್ಳುವ ಹೊತ್ತಿಗೆ ಹೊಲ ಹಿಂದೆ ಸರಿದು ಒಂದು ಜಿನಿಂಗ್ ಮಿಲ್ಲಿನ ಗೋಡೆ ಬಂತು.

ಆದರೆ ಬಾಯಿ ಕಟ್ಟಿದ ದೊಡ್ಡ ಕಾರಣ ಕೂದಲು. ಮಳೆ ಬಿಟ್ಟ ಹೊಸದರಲ್ಲಿ ಸೈಕಲ್ಲಿನ ಹುಡುಗರು ಒಂದು ಐತವಾರ ಕಮಲಾಪುರಕ್ಕೆ ಹೊರಟಿದ್ದರು, ಕೆಂಪು ಬಾಳೆಹಣ್ಣು ತಿಂದು ತಿರುಗಿ ಬರುವುದು ಎಂದು. ಅವಳು ಸ್ಕೂಟಿಯ ಮೇಲೆ ಪಾನೆ, ಪಂಪು ಇಟ್ಟುಕೊಂಡು ಹಿಂದೆ. ಮಹಾಗಾಂವ ಕ್ರಾಸಿನಲ್ಲಿ ಚಹಾಕ್ಕೆ ನಿಂತಾಗ ಫೋರ್ಕಿನ ಒಳಗಾಲಿನ ಮೇಲೆ ಒಂದು ಕಪ್ಪು ಗೆರೆ ಕಂಡಳು. ಯಾರೂ ಮುಂದೆ ಹೋಗಬಾರದು ಎಂದಳು. ಹೇಳಿದ ಧ್ವನಿ ಲ್ಯಾಬಿನಲ್ಲಿ ಸ್ಯಾಂಪಲ್ಲು ತಪ್ಪಾದಾಗ ಹೇಳುವ ಧ್ವನಿ. ಎಲ್ಲರೂ ಚಹಾದ ಕಪ್ಪು ಕೈಯಲ್ಲಿ ಹಿಡಿದು ಸುತ್ತ ನಿಂತರು. ಬಿರುಕಿದ್ದರೆ ಕಾಲು ಹೇಗೆ ಮುರಿಯುತ್ತದೆ ಎಂದು ಅವಳು ವಿವರಿಸುತ್ತಿದ್ದಳು. ಕಪಿಲ ಬಗ್ಗಿ, ಎರಡು ಬೆರಳಿನಿಂದ ಗೆರೆಯ ತುದಿ ಹಿಡಿದು ಎಳೆದ. ಬಂತು. ಗ್ರೀಸಿನಲ್ಲಿ ಅಂಟಿದ್ದ ಕೂದಲು. ಬಿಸಿಲಿಗೆ ಎತ್ತಿ ಹಿಡಿದ. ಅಷ್ಟುದ್ದದ ಕೂದಲು ಆ ಗುಂಪಿನಲ್ಲಿ ಮತ್ತಾರಿಗೂ ಇರಲಿಲ್ಲ. ಮೊದಲು ನಕ್ಕವನು ಮಕ್ಸೂದ್, ಕಪಿಲನ ಜೊತೆಗಾರ. "ಡಾಕ್ಟರ್ ಬಾಯಿ, ರಿಪೋರ್ಟ್ ಬಂತ್ರೀ. ಕೂದ್ಲಾ ಪಾಸಿಟಿವ್." ಚಹಾದಂಗಡಿಯವನೂ ನಕ್ಕ. ಕಪಿಲ ನಗಲಿಲ್ಲ, ಅದೇ ಕಷ್ಟ. ವಾಪಸು ಬಂದು ಮನೆಯ ಮುಂದೆ ಸೈಕಲ್ಲಿಟ್ಟು, "ನನಗ ಬೀಳೋ ಭಯ ಇಲ್ಲಕ್ಕಾ. ನೀ ಬೀಳ್ತಾನ ಬೀಳ್ತಾನ ಅಂತ ನೋಡ್ತಿಯಲ್ಲ, ಅದಕ್ಕ ಭಯ ಆಗ್ತದ," ಎಂದಿದ್ದ.

ಈಗ ಅದೇ ಬಾಯಿಂದ ಮತ್ತೊಂದು ಗೆರೆ ಎಂದು ಹೇಗೆ ಹೇಳುವುದು? ಅದೂ ಇಂದು. ಇದು ಆಯ್ಕೆಯ ಸೈಕಲ್ ಓಟ. ಆಯ್ಕೆಯಾದರೆ ಕ್ರೀಡಾ ಹಾಸ್ಟೆಲ್ಲಿನಲ್ಲಿ ಸೀಟು, ತರಬೇತಿ, ಅಷ್ಟೂ ದಿನ ಸೈಕಲ್ಲೊಂದೇ ಕೆಲಸ. ಮುಂದಿನ ವರ್ಷಕ್ಕೆ ಅವನ ವಯಸ್ಸು ಮೀರುತ್ತದೆ. ಮಕ್ಸೂದನ ಕಾಕಾನ ಟೆಂಪೊದಲ್ಲಿ ಸೈಕಲ್ಲುಗಳನ್ನು ಹೇರಿಕೊಂಡು ಇಬ್ಬರೂ ನಸುಕಿನಲ್ಲೇ ಹೋಗಿದ್ದರು. ಅವಳು ಹಾಸಿಗೆಯಲ್ಲಿ ಎಚ್ಚರವಾಗಿ ಮಲಗಿ ಟೆಂಪೊದ ಹಿಂಬಾಗಿಲು ಬಡಿದದ್ದನ್ನು ಕೇಳಿದ್ದಳು. ಎದ್ದು ಬಾಗಿಲಿಗೆ ಹೋಗಿ ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಟೆಂಪೊ ಓಣಿಯ ತಿರುವು ದಾಟಿದ ಮೇಲೆ ಎದ್ದಳು. ಆಮೇಲೆ ಫೋನು ಹಚ್ಚಿದಳು, ಮತ್ತೆ ಮತ್ತೆ ಹಚ್ಚಿದಳು. ಸ್ಪರ್ಧಿಗಳ ಫೋನುಗಳನ್ನೆಲ್ಲ ಮೊದಲೇ ತೆಗೆದು ಇಟ್ಟುಕೊಳ್ಳುತ್ತಾರೆ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಹಚ್ಚುತ್ತಿದ್ದೇನೆ ಎಂಬುದೂ ಗೊತ್ತಿತ್ತು.

ಸ್ಟಿಕ್ಕರು ಒಂದು ಇಲ್ಲದಿದ್ದರೆ ನಿನ್ನೆ ಸಂಜೆಯೇ ಮುಗಿಯುತ್ತಿತ್ತು. ಅಪ್ಪ ಅಂಬಣ್ಣ ನಾಗಪುರಕ್ಕೆ ದೀಕ್ಷಾಭೂಮಿಗೆ ಹೋಗಿ ಬಂದಾಗ ತಂದದ್ದು ಅದು. ನೀಲಿಯ ಮೇಲೆ ಬಿಳಿ ಚಕ್ರ, ಕೆಳಗೆ ಜೈಭೀಮ್. ನೆಹರು ಗಂಜಿನಲ್ಲಿ ತೊಗರಿಯ ಚೀಲ ಹೊತ್ತು ಈಗ ಮನೆಯಲ್ಲಿ ಕೂತಿರುವ ಅಂಬಣ್ಣ ಯಾವ ವಸ್ತುವಿಗೂ ಏನನ್ನೂ ಹಚ್ಚಿದವನಲ್ಲ. ಮಗನ ಸೈಕಲ್ಲಿಗೆ ಮಾತ್ರ ತಾನೇ ಹಚ್ಚಿದ್ದ, ಎದುರಿನಿಂದ ಬರುವವರಿಗೆ ಮೊದಲು ಕಾಣುವ ಜಾಗದಲ್ಲಿ. ಮೊನ್ನೆ ಶುಕ್ರವಾರ ಮೈದಾನದಲ್ಲಿ ಸೈಕಲ್ಲುಗಳ ತಪಾಸಣೆಯಿತ್ತು. ಆಯ್ಕೆ ನಡೆಸುವ ಸರ್ ಬ್ರೇಕು ನೋಡಿದರು, ಗಾಲಿ ತಿರುಗಿಸಿದರು, ಹ್ಯಾಂಡಲಿಗೆ ನಂಬರಿನ ಚೀಟಿ ಕಟ್ಟಿ ಸೀಸದ ಮುದ್ರೆ ಒತ್ತಿದರು. ಆಮೇಲೆ ಪೆನ್ನಿನ ತುದಿಯಿಂದ ಸ್ಟಿಕ್ಕರನ್ನು ಎರಡು ಸಲ ತಟ್ಟಿ, ಬಹಳ ಮೆತ್ತಗೆ, "ಆಟದಾಗ ಇದೆಲ್ಲಾ ಯಾಕ ತಮ್ಮಾ. ಸೈಕಲ್ಲಿಗಿ ಜಾತಿ ಇರ್ತದೇನು? ಐತವಾರ ಬರೋದ್ರಾಗ ತಗದ್ ಬಾ," ಎಂದಿದ್ದರು. ಪಕ್ಕದ ಸೈಕಲ್ಲಿನ ಹ್ಯಾಂಡಲಿಗೆ ಲಿಂಬೆ, ಮೆಣಸಿನಕಾಯಿ ಕಟ್ಟಿತ್ತು, ಅದರಾಚೆಯದರ ಮೇಲೆ ದೇವರ ಚಿತ್ರವಿತ್ತು. ಪೆನ್ನು ಅಲ್ಲಿ ನಿಲ್ಲಲಿಲ್ಲ. ಕಪಿಲ ಹ್ಞೂಂ ಎಂದಿದ್ದ. ಮನೆಗೆ ಬಂದು ಹೇಳಿದಾಗ ಅಂಬಣ್ಣ ಮುರಿದ ರೊಟ್ಟಿಯನ್ನು ಕೈಯಲ್ಲೇ ಹಿಡಿದು ಮಗನ ಮುಖ ನೋಡಿದ್ದ. "ನಾ ತಗಿಯಂಗಿಲ್ಲಪ್ಪಾ," ಎಂದು ಕಪಿಲ ತಾನೇ ಹೇಳಿದ ಮೇಲೆ ತುತ್ತು ಬಾಯಿಗೆ ಹೋಗಿತ್ತು. ಆ ತುತ್ತು ಬಾಯಿಗೆ ಹೋದದ್ದನ್ನು ನೋಡಿದವಳು ಮರುದಿನ ಸಂಜೆ ಅದೇ ಸ್ಟಿಕ್ಕರಿನ ಅಂಚಿಗೆ ಉಗುರು ತಾಗಿಸಿ, ಕೀಳದೆ ಕೈ ಹಿಂದಕ್ಕೆ ತೆಗೆದುಕೊಂಡಿದ್ದಳು.

ಫೋನು ಕೈಯಲ್ಲೇ ಇತ್ತು. ಮನೆಗೆ ಹಚ್ಚಿದಳು. ಅಪ್ಪನೇ ಎತ್ತಿದ.

"ಅಪ್ಪಾ, ಆ ಸ್ಟಿಕ್ಕರ್ ನೀ ಹೆಂಗ್ ಹಚ್ಚಿದ್ದಿ?"

"ಯಾವ ಸ್ಟಿಕ್ಕರ? ಸೈಕಲ್ಲಿಂದಾ? ಹೆಂಗಂದ್ರ? ಒರಸಿ ಹಚ್ಚಿದ್ಯಾ ನಾ. ಬಿಚ್ಚೇದೇನ?"

"ಇಲ್ಲ. ಸುಮ್ ಕೇಳ್ದೆ. ಅಷ್ಟೇ ಅಳತಿ ಇತ್ತೇನ್ ಅದು?"

"ಎಲ್ಲಿ ಅಳತಿ, ದೊಡ್ಡದಿತ್ತ. ಹಚ್ಚಿ ಮ್ಯಾಲ ದಾಡಿ ಬ್ಲೇಡಿಲೆ ಸುತ್ತ ಕೊಯ್ದ್ಯಾ. ನೀ ಡ್ಯೂಟಿಗಿ ಹೋಗಿದ್ದಿ ಅವತ್ತ. ಒಂದ್ ಕಡೀಗಿ ಬ್ಲೇಡ ಜಾರಿ ಬಣ್ಣಕ ಗೀರಿತ್ತ. ನೋಡಿದ್ರ ಬೈತಿ ಅಂತ ನಾ ಹೇಳಿಲ್ಲ."

ಅವಳಿಗೆ ಬಸ್ಸಿನೊಳಗೆ ಒಮ್ಮೆಲೇ ಗಾಳಿ ಬಂದ ಹಾಗಾಯಿತು. "ಯಾವ ಕಡೀಗಪ್ಪಾ ಜಾರಿದ್ದು?"

"ಬಲಗಡಿ. ನನ್ನ ಬಲಗಡಿ."

"ನೀ ಎಲ್ಲಿ ಕುಂತಿದ್ದಿ?"

"ಎಲ್ಲಿ ಕುಂಡ್ರಲಿ, ಸೈಕಲ್ ಮುಂದ ಕುಂತಿದ್ಯಾ. ಯಾಕವ್ವಾ, ಏನಾಗ್ಯಾದ?"

ಏನೂ ಇಲ್ಲ ಎಂದು ಇಟ್ಟಳು. ಅಪ್ಪ ಸೈಕಲ್ಲಿನ ಎದುರು ಕೂತಿದ್ದರೆ ಅವನ ಬಲಗಡೆ ಹತ್ತುವವನ ಎಡಗಡೆ. ಎರಡೂ ಕೈ ಗಾಳಿಯಲ್ಲಿ ಎತ್ತಿ ಇಲ್ಲದ ಹ್ಯಾಂಡಲು ಹಿಡಿದು ನೋಡಿದಳು. ಪಕ್ಕದ ಹೆಂಗಸು ಚೀಲದ ಸಮೇತ ಅತ್ತ ಸರಿದಳು. ಎಡಗಡೆಯ ಕಾಲು, ಬ್ರೇಕಿನ ಕಾಲು. ಸರಿಯಾಗಿ ಅದೇ ಕಡೆ. ಅಂಚಿಗೆ ಅಂಟಿ ಬಂದದ್ದು ಬ್ಲೇಡು ಕೊಯ್ದದ್ದು, ಜೋಳದ ಕಾಳಿನಷ್ಟು ಓರೆಯಾದದ್ದು ಬ್ಲೇಡು ಜಾರಿದ್ದು. ಎಲ್ಲ ಕೂಡಿತು. ಅಪ್ಪನ ಬ್ಲೇಡಿಗೆ ನಾನು ಮುನೀರಾಳ ಸುರ್ಮಾ ಕುಡಿಸಿದೆ, ಅಷ್ಟೇ. ನಗು ಬಂತು. ಕಂಡಕ್ಟರು ಮಹಾಗಾಂವ ಕ್ರಾಸ್ ಎಂದು ಕೂಗುತ್ತಿದ್ದ. ಅವಳು ಎದ್ದು ನಿಂತಳು. ಇಲ್ಲಿ ಇಳಿದು, ಆ ಕಡೆಯಿಂದ ಬರುವ ಬಸ್ಸು ಹತ್ತಿ, ಮನೆಗೆ ಹೋಗಿ, ತಲೆಗೆ ಎಣ್ಣೆ ಹಚ್ಚಿಕೊಂಡು ಕೂಡಬಹುದು. ಕಪಿಲ ಇಳಿದು ಬರುತ್ತಾನೆ. ಈ ಬೆಳಗು ಇತ್ತೆಂದೇ ಅವನಿಗೆ ತಿಳಿಯುವುದು ಬೇಡ.

ಬಾಗಿಲವರೆಗೆ ಹೋದಳು. ಚಹಾದಂಗಡಿ ಅಲ್ಲೇ ಇತ್ತು, ಅದೇ ಮನುಷ್ಯ ಅದೇ ಪಾತೇಲಿಯ ಮುಂದೆ. ಅವನನ್ನು ಕಂಡದ್ದೇ ಅವಳ ಕಾಲು ಮೆಟ್ಟಿಲ ಮೇಲೆ ನಿಂತಿತು. ಲ್ಯಾಬಿನಲ್ಲಿ ಅವಳಿಗೊಂದು ರೂಢಿಯಿತ್ತು. ಪರಿಚಯದವರ ರಕ್ತ ಬಂದಾಗ, ಏನೂ ಇಲ್ಲ ಎಂಬ ಫಲಿತಾಂಶ ಬಂದರೆ, ಮತ್ತೊಮ್ಮೆ ಪರೀಕ್ಷೆಗೆ ಹಚ್ಚಿ ನೋಡುವುದು. ಕೆಟ್ಟದ್ದು ಬಂದಾಗ ಕೈ ತಾನಾಗಿ ಎರಡನೆಯ ಸಲಕ್ಕೆ ಹೋಗುತ್ತದೆ. ಒಳ್ಳೆಯದು ಬಂದಾಗ ಹೋಗುವುದಿಲ್ಲ. ಆದ್ದರಿಂದಲೇ ಆಗ ನೋಡಬೇಕು. ಬ್ಲೇಡು ಸಪ್ಪಳ ಮಾಡುತ್ತದೆಯೇ? ಬಣ್ಣದ ಮೇಲಿನ ಗೀರು ಬ್ರೇಕು ಹಿಡಿದಾಗ ಕಿರ್ರ್ ಎನ್ನುತ್ತದೆಯೇ?

"ಇಳಿತೀರೋ ಇಲ್ಲೋ ಅಕ್ಕೋರ?" ಎಂದ ಕಂಡಕ್ಟರು.

"ಇಲ್ಲ."

"ಮತ್ತ ಹೋಗಿ ಕುಂದರ್ರಿ. ಬಾಗಿಲದಾಗ ನಿಂತ್ ವಿಚಾರ ಮಾಡಬ್ಯಾಡ್ರಿ."

ಕೂತಿದ್ದ ಜಾಗಕ್ಕೆ ಬೇರೆ ಯಾರೋ ಬಂದಿದ್ದರು. ಕಂಬಿ ಹಿಡಿದು ನಿಂತೇ ಹೋದಳು.

ಕಮಲಾಪುರದಲ್ಲಿ ಬಸ್ಸಿಳಿದು ಒಂದು ಆಟೊ ಹಿಡಿದಳು. ಮಣ್ಣು ಕಪ್ಪಿನಿಂದ ಕೆಂಪಿಗೆ ತಿರುಗಿತು. ತಗ್ಗಿನಲ್ಲಿ ಬಾಳೆಯ ಹಸಿರು, ಮೇಲೆ ಬೋಳು ಮರಡಿ, ಮರಡಿಯ ಮೈ ತುಂಬ ಸುಟ್ಟ ಇಟ್ಟಿಗೆಯಂಥ ಕಲ್ಲು. ಆ ಕಲ್ಲುಗಳ ನಡುವೆ ಸುಣ್ಣದ ಪುಡಿಯಿಂದ ದಾರಿ ಗುರುತು ಮಾಡಿದ್ದರು. ಒಬ್ಬ ಹುಡುಗ ಆಗಲೇ ಇಳಿಯುತ್ತಿದ್ದ. ಅವನ ಮುಂದಿನ ಗಾಲಿ ಕಲ್ಲಿಂದ ಕಲ್ಲಿಗೆ ಹಾರಿ ಬೀಳುವಾಗ ಪ್ರತಿ ಬೀಳುವಿಕೆಯೂ ಅವಳ ಹಲ್ಲಿನ ಬೇರಿಗೆ ತಾಗಿತು. ಏರಿ ಹೋಗುವಾಗ ಚಪ್ಪಲಿ ಜಾರುತ್ತಿತ್ತು. ಎಲ್ಲರಿಗೂ ನಾನು ಕಾಣುತ್ತಿದ್ದೇನೆ, ಚೂಡಿದಾರದ ಓಢಣಿ ಸೊಂಟಕ್ಕೆ ಸುತ್ತಿಕೊಂಡು ಬೆವರುತ್ತ ಏರುವ ಒಂದು ಹೆಣ್ಣು, ಮತ್ತೆ ಅದೇ ಹೆಣ್ಣು.

"ಬಂದ್ರಪ್ಪಾ ಡಾಕ್ಟರ್ ಬಾಯಿ," ಎಂದ ಮಕ್ಸೂದ್. ತನ್ನ ಸರದಿ ಮುಗಿಸಿ ಟೆಂಪೊದ ನೆರಳಲ್ಲಿ ಕೂತಿದ್ದ, ಮುಖದ ಮೇಲೆ ಕೆಂಪು ಧೂಳು. "ಕಪಿಲಾ, ನಿನ್ನ ಪೇಶಂಟಿಗಿ ಅಡ್ಮಿಟ್ ಮಾಡ್ಕೋತಾರ ನೋಡು."

ಕಪಿಲ ಸೈಕಲ್ಲು ಹಿಡಿದು ಸಾಲಿನಲ್ಲಿದ್ದ. ಅವನ ಮುಂದೆ ಒಬ್ಬನೇ. ಅವಳನ್ನು ಕಂಡದ್ದೇ ಅವನ ಮುಖದಿಂದ ಏನೋ ಇಳಿದು ಹೋಯಿತು. ಅವಳು ಹತ್ತಿರ ಬರುವ ಮೊದಲೇ ಮೆಲ್ಲಗೆ ಹೇಳಿದ: "ಅಕ್ಕಾ, ಬ್ಯಾಡ. ಏನದ ಅದು ಸಂಜಿಗಿ ಹೇಳು."

"ಟೆಂಪೊದ ಹಿಂದ ಬಾ ಒಂದೀಟು."

"ಕೂದ್ಲಾ?"

ಆ ಒಂದು ಮಾತನ್ನು ಅವನು ಕುಹಕಕ್ಕೆ ಆಡಿರಲಿಲ್ಲ, ಬೇಡಿಕೊಳ್ಳುವ ಹಾಗೆ ಆಡಿದ್ದ. ಅವಳು ಹ್ಯಾಂಡಲು ಹಿಡಿದು ಸೈಕಲ್ಲನ್ನು ಸಾಲಿನಿಂದ ಹೊರಗೆಳೆದಳು. ಟೆಂಪೊದ ಮರೆಯಲ್ಲಿ ಬಗ್ಗಿ ತೋರಿಸಿದಳು. ಬಿಸಿಲಿನಲ್ಲಿ ಸುರ್ಮಾದ ಗೆರೆ ಸ್ಪಷ್ಟವಿತ್ತು. ಎಲ್ಲವನ್ನೂ ಹೇಳಿದಳು: ನಿನ್ನೆ ಸಂಜೆ ಹಚ್ಚಿದ್ದು, ಹೇಳದೇ ಉಳಿದದ್ದು, ಅಪ್ಪನ ಬ್ಲೇಡು. ಬ್ಲೇಡಿನ ಮಾತು ಬಂದ ಕೂಡಲೇ ಕಪಿಲ ನೆಟ್ಟಗಾದ.

"ಮುಗೀತಲ್ಲ. ಬ್ಲೇಡಿಂದೇ ಅದು."

"ಇರಬಹುದು."

"ಇರಬಹುದು ಅಂದ್ರ? ಪಕ್ಕಾ ಬಿರಕದ ಅಂತ ಹೇಳು, ಇಲ್ಲೇ ಬಿಡ್ತೀನಿ. ಹೇಳು."

ಪಕ್ಕಾ ಎಂದರೆ ಸಾಕಿತ್ತು. ಅವನು ನಂಬುತ್ತಿದ್ದ. ಗೀರೇ ಆಗಿದ್ದರೂ ಯಾರಿಗೂ ಎಂದೂ ತಿಳಿಯುತ್ತಿರಲಿಲ್ಲ, ಅವನು ಜೀವಂತ ಮನೆಗೆ ಬರುತ್ತಿದ್ದ, ಮತ್ತು ಬದುಕಿನುದ್ದಕ್ಕೂ ಈ ಮರಡಿಯನ್ನು ನೆನೆಯುತ್ತಿದ್ದ. "ನನಗ ಗೊತ್ತಿಲ್ಲ," ಎಂದಳು. "ಸ್ಟಿಕ್ಕರ್ ತಗದ್ರ ಗೊತ್ತಾಗ್ತದ. ಗೆರಿ ಅಂಚಿಗೇ ನಿಂತ್ರ ಅಪ್ಪನ ಬ್ಲೇಡು. ಕೆಳಗ ಹೊಕ್ಕಿದ್ರ ಬಿರಕು."

ಕಪಿಲ ಟೆಂಪೊದ ಮೂಲೆಯಿಂದ ಆ ಕಡೆ ನೋಡಿದ. ಸರ್ ಬಿಳಿ ಟೋಪಿ ಹಾಕಿ, ಸೀಟಿ ಬಾಯಲ್ಲಿಟ್ಟು, ಈ ಕಡೆಯೇ ನೋಡುತ್ತಿದ್ದರು. "ಮುಂಜಾನಿನೂ ಕೇಳ್ಯಾರ, ತಗದಿಲ್ಲೇನ್ ಅಂತ. ಇಲ್ರೀ ಸರ್, ನಮ್ಮಪ್ಪ ಹಚ್ಯಾನ ಅಂದೆ. ಎಲ್ಲಾರ ಮುಂದ ಅಂದೀನಿ. ಈಗ ತಗದು ಹೋಗಿ ಅವರ ಮುಂದ ನಿಂದರಲೇನು? ಇಲ್ಲೇ ಮರಿಗಿ ತಗದ್ರೂ ಅಲ್ಲಿ ಕಾಣ್ತದಲ್ಲಕ್ಕಾ, ಇಲ್ಲ ಅಂತ."

ಅವನ ಹೆಸರು ಕೂಗಿದರು. ಎರಡನೆಯ ಸಲವೂ ಕೂಗಿದರು. ಅವನು ಹ್ಯಾಂಡಲು ಹಿಡಿದ. ಅವಳು ಬಿಡಲಿಲ್ಲ. ಇಬ್ಬರ ನಾಲ್ಕು ಕೈ ಒಂದೇ ಕೊಳವೆಯ ಮೇಲಿದ್ದವು, ಚಿಕ್ಕಂದಿನಲ್ಲಿ ಒಂದೇ ಕಬ್ಬಿನ ತುಂಡಿಗೆ ಜಗ್ಗಾಡುತ್ತಿದ್ದ ಹಾಗೆ. ಆಗ ಯಾವಾಗಲೂ ಬಿಡುತ್ತಿದ್ದವಳು ಅವಳೇ. ಅವನು ತಳ್ಳಿದ, ಬ್ರೇಕು ಅವಳ ಬೆರಳಿನ ಕೆಳಗಿತ್ತು, ಫೋರ್ಕು ಮುಂದಕ್ಕೆ ಬಾಗಿ ಕಿರ್ರ್ ಎಂದಿತು. ಆ ಸಪ್ಪಳಕ್ಕೆ ಅವಳು ಒಂದು ಕೈ ಬಿಟ್ಟು, ಕೆಳಗೆ ಬಗ್ಗಿ, ಸುರ್ಮಾ ಕೂತಿದ್ದ ಅದೇ ಹೆಬ್ಬೆರಳಿನ ಉಗುರನ್ನು ನೀಲಿಯ ಅಂಚಿಗೆ ತೂರಿಸಿ ಎತ್ತಿದಳು. ಹಳೆಯ ಸ್ಟಿಕ್ಕರು ಬಿಸಿಲಿಗೆ ಮೆತ್ತಗಾಗಿತ್ತು. ಹರಿಯದೆ, ಗಾಯದ ಮೇಲಿನ ಪಟ್ಟಿ ಬರುವ ಹಾಗೆ, ಇಡಿಯಾಗಿ ಬಂತು.

ಗೆರೆ ಅಂಚಿಗೆ ನಿಂತಿರಲಿಲ್ಲ. ಬ್ಲೇಡಿನ ಗೀರು ಅಂಚಿನ ಗುಂಟ ಇತ್ತು, ಅಪ್ಪ ಹೇಳಿದ ಹಾಗೆಯೇ, ಜಾರಿದಲ್ಲಿ ಜಾರಿದ ಹಾಗೆಯೇ. ಅದರ ನಡುವಿನಿಂದ ಇನ್ನೊಂದು ಒಳಗೆ ಹೊಕ್ಕು, ಚಕ್ರವಿದ್ದ ಜಾಗವನ್ನು ಪೂರಾ ದಾಟಿ, ಹೆಗಲಿನ ಆ ತುದಿಯವರೆಗೆ ಹೋಗಿತ್ತು. ನಿನ್ನೆ ಹಚ್ಚಿದ ಸುರ್ಮಾ ರಾತ್ರಿಯೆಲ್ಲ ಅದರಲ್ಲಿ ಹರಿದಿತ್ತು. ಪಂಚಶೀಲಾ ಮೊದಲು ಪಟ್ಟದ್ದು ಸಂತೋಷ. ಅದು ಎದೆಯಲ್ಲಿ ಎಷ್ಟು ಬಿಸಿಯಾಗಿ, ಎಷ್ಟು ತಡೆಯಿಲ್ಲದೆ ಎದ್ದಿತೆಂದರೆ ಚಹಾದಂಗಡಿಯವನಿಗೆ ತೋರಿಸಬೇಕು, ಮಕ್ಸೂದನ ಕತ್ತು ಹಿಡಿದು ಬಗ್ಗಿಸಿ ತೋರಿಸಬೇಕು ಅನ್ನಿಸಿತು. ಇದು ಕೂದಲಲ್ಲ. ಆಮೇಲೆ ತಲೆ ಎತ್ತಿದಳು. ಕಪಿಲ ಬಿರುಕನ್ನು ನೋಡುತ್ತಿರಲಿಲ್ಲ, ಅವಳ ಮುಖವನ್ನು ನೋಡುತ್ತಿದ್ದ. ಸಂತೋಷ ಅಲ್ಲಿ ಇನ್ನೂ ಇತ್ತು ಎಂದು ಅವಳಿಗೆ ಅವನ ಕಣ್ಣಿನಿಂದಲೇ ತಿಳಿಯಿತು. ಒರೆಸಿಕೊಳ್ಳುವ ಹಾಗೆ ಮುಖದ ಮೇಲೆ ಕೈಯಾಡಿಸಿದಳು. ಉಗುರಿನ ಕಪ್ಪು ಕೆನ್ನೆಗೆ ಹತ್ತಿತು.

ಸರ್ ತಾವೇ ಬಂದಿದ್ದರು. ಅವಳ ಅಂಗೈಯಲ್ಲಿ ಅಂಗಾತ ಬಿದ್ದಿದ್ದ ಸ್ಟಿಕ್ಕರನ್ನು ನೋಡಿ, ಅದೇ ಮೆತ್ತನೆಯ ಧ್ವನಿಯಲ್ಲಿ, "ತಗದ್ರಾ? ಛೊಲೋ ಆಯ್ತು. ಬಾ ತಮ್ಮಾ, ಎಲ್ಲಾರೂ ಕಾಯ್ಲಾಕತ್ತಾರ," ಎಂದರು.

ಕಪಿಲ ಬೆರಳಿನಿಂದ ಬಿರುಕು ತೋರಿಸಿದ. ಸರ್ ಕನ್ನಡಕ ಏರಿಸಿ ಬಗ್ಗಿ ನೋಡಿದರು, ಮೊನ್ನೆ ಪೆನ್ನಿನಿಂದ ತಟ್ಟಿದ್ದ ಜಾಗವನ್ನೇ. ಬಹಳ ಹೊತ್ತು ನೋಡಿದರು. ಆ ಹೊತ್ತಿಗೆ ಮಕ್ಸೂದ್ ಸದ್ದಿಲ್ಲದೆ ತನ್ನ ಸೈಕಲ್ಲು ತಳ್ಳಿಕೊಂಡು ಬಂದು ಕಪಿಲನ ತೊಡೆಗೆ ತಾಗುವ ಹಾಗೆ ನಿಲ್ಲಿಸಿದ್ದ. "ನಂದು ತಗೊಂಡ್ ಹೋಗಲೇ. ಸೀಟ್ ಜರಾ ಏರಸ್ಕೋ."

"ತನ್ನ ಹೆಸರಿಗಿ ಮುದ್ರಿ ಹಾಕಿದ್ದ ಸೈಕಲ್ ಮ್ಯಾಲೇ ಇಳೀಬೇಕಪ್ಪಾ," ಎಂದರು ಸರ್. ಈ ಸಲ ಧ್ವನಿ ಅಷ್ಟು ಮೆತ್ತಗಿರಲಿಲ್ಲ, ಅಷ್ಟು ನೇರವೂ ಇರಲಿಲ್ಲ. "ನಿಯಮ ನಂದಲ್ಲ." ಹೋಗುವಾಗ ತಿರುಗಿ ಪಂಚಶೀಲಾಳ ಕಡೆ ನೋಡಿ, "ನೀವು ಮೊನ್ನೇನೇ ತಗದಿದ್ರ ಮೊನ್ನೇನೇ ಗೊತ್ತಾಗ್ತಿತ್ತಲ್ಲ," ಎಂದರು. ಅದು ನಿಜವಾಗಿತ್ತು. ಆ ಮಾತಿನಲ್ಲಿ ಅವಳಿಗೆ ತಡೆದುಕೊಳ್ಳಲಾಗದ್ದು ಅದೇ.

ಸರ್ ಸೀಟಿ ಊದಿದರು. ಮುಂದಿನವನ ಹೆಸರು ಕೂಗಿದರು. ಕಪಿಲ ನೆಲದ ಮೇಲೆ ಕೂತ. ಅವಳೂ ಕೂತಳು, ಮುಟ್ಟದಷ್ಟು ದೂರದಲ್ಲಿ. ಮಕ್ಸೂದ್ ಎಲ್ಲಿಂದಲೋ ಎರಡು ಕೆಂಪು ಬಾಳೆಹಣ್ಣು ತಂದು ಇಬ್ಬರ ನಡುವೆ ಇಟ್ಟು ಹೋದ. ಸ್ವಲ್ಪ ಹೊತ್ತಿನ ಮೇಲೆ ಕಪಿಲ ಅವಳ ಕಡೆ ನೋಡದೆ ಕೈ ಚಾಚಿದ. ಅವಳು ಸ್ಟಿಕ್ಕರನ್ನು ಕೊಟ್ಟಳು. ಅವನು ಅದನ್ನು ತಿರುಗಿಸಿ ನೋಡಿದ. ಹಿಂದಿನ ಅಂಟಿನ ಮೇಲೆ, ಚಕ್ರದ ಬೆನ್ನಿಗೆ, ಬಿರುಕು ಅಚ್ಚೊತ್ತಿತ್ತು. ಸಣ್ಣಗೆ, ಕಪ್ಪಗೆ, ನಡುವೆ ಒಂದು ಕಡೆ ಸ್ವಲ್ಪ ಡೊಂಕಾಗಿ. ಅವನು ಉಗುರಿನ ತುದಿಯಿಂದ ಅದರ ಒಂದು ಕೊನೆಯನ್ನು ಎತ್ತಲು ನೋಡಿದ, ಮಹಾಗಾಂವ ಕ್ರಾಸಿನಲ್ಲಿ ಕೂದಲು ಎಳೆದ ಹಾಗೆ, ಎರಡು ಬೆರಳಿಗೆ ಸಿಕ್ಕೀತೇನೋ ಎಂದು. ಮತ್ತೆ ನೋಡಿದ. ಆ ಕಡೆಯ ಕೊನೆಯಿಂದಲೂ ನೋಡಿದ.

"ಕೂದ್ಲಾ ಇದ್ದಿದ್ರ ಬರ್ತಿತ್ತು," ಎಂದ.

ಆಮೇಲೆ ಸ್ಟಿಕ್ಕರನ್ನು ಅಂಗಿಯ ಮೇಲೆ ಎಡಗಡೆಗೆ ಹಚ್ಚಿ ಒತ್ತಿದ, ನೀಲಿ ಹೊರಗೆ, ಗೆರೆ ಒಳಗೆ. ಸೀಮೆಎಣ್ಣೆ ಕುಡಿದ ಅಂಟು ಹಿಡಿಯಲಿಲ್ಲ. ಕೈ ತೆಗೆದರೆ ಬೀಳುತ್ತಿತ್ತು. ಕೈ ತೆಗೆಯಲಿಲ್ಲ.